ಹತ್ತು ಗಂಟೆ ಮುಚ್ಚಿಟ್ಟ ಪಾತ್ರೆ

"ಗುರುಗಳೇ, ಒಂದು ಮಾತು ಹದಕ್ಕೆ ಬರಲು ಎಷ್ಟು ಕಾಲ ಬೇಕು?" ಎಂದು ಪೂವಯ್ಯ ಕೇಳಿದ.

ಗುರು ಮೊಣ್ಣಪ್ಪನವರು ನಲವತ್ತು ವರ್ಷ ಅಡುಗೆ ಕಲಿಸಿದವರು. ಪೂವಯ್ಯ ಅವರ ಹಳೆಯ ಶಿಷ್ಯ. ಈಗ ಅವನಿಗೆ ಸ್ವಂತ ಅಡುಗೆಮನೆ ಇತ್ತು, ಕೈಕೆಳಗೆ ಜನರಿದ್ದರು. ಆದರೂ ಮನಸ್ಸಿಗೆ ಸಮಾಧಾನ ಇಲ್ಲದಾಗ ಬಂದು ಗುರುವಿನ ಎದುರು ಕೂರುತ್ತಿದ್ದ.

"ಯಾವ ಮಾತು?" ಎಂದರು ಗುರು.

"ಅಣ್ಣನಿಗೆ ಹೇಳಬೇಕಾದ ಮಾತು. ಅಪ್ಪ ತೀರಿಕೊಂಡ ದಿನ ಹತ್ತು ಜನರ ಮುಂದೆ ಅವನನ್ನು ಅಂದುಬಿಟ್ಟೆ. ನೀನು ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೆ ಅಪ್ಪ ಉಳಿಯುತ್ತಿದ್ದರು ಎಂದೆ. ಅದು ನಿಜವಲ್ಲ. ಡಾಕ್ಟರೇ ಆಮೇಲೆ ನನಗೆ ತಿಳಿಸಿ ಹೇಳಿದರು. ಆರು ವರ್ಷವಾಯಿತು. ಅಣ್ಣ ಮಾತು ಬಿಟ್ಟಿದ್ದಾನೆ. ತಪ್ಪಾಯಿತು ಎನ್ನಲು ಮನಸ್ಸಿನಲ್ಲೇ ಮಾತು ಕಟ್ಟುತ್ತಿದ್ದೇನೆ. ಪ್ರತಿ ಸಲವೂ ಇದಿನ್ನೂ ಹಸಿಯಾಗಿದೆ ಅನ್ನಿಸುತ್ತದೆ. ಅವಸರ ಮಾಡಿ ಕೆಡಿಸಬಾರದು ಎಂದು ನೀವೇ ಕಲಿಸಿದ್ದೀರಿ."

"ಕಲಿಸಿದ್ದೇನೆ" ಎಂದರು ಗುರು. ಆಮೇಲೆ ಒಂದು ಕಥೆ ಹೇಳತೊಡಗಿದರು.

ಒಬ್ಬ ಅಡುಗೆಯವನಿದ್ದ. ಹೆಸರು ಬೇಡ. ಕೊಡಗಿನ ಒಂದು ಪೇಟೆಯಲ್ಲಿ, ಬಸ್ ನಿಲ್ದಾಣದ ಎದುರಿಗೆ ಅವನದೊಂದು ಹೋಟೆಲು. ಅಲ್ಲಿ ಇಪ್ಪತ್ತು ಬಗೆಯ ಅಡುಗೆ ಸಿಗುತ್ತಿತ್ತು. ಜನ ಬರುತ್ತಿದ್ದುದು ಒಂದಕ್ಕೆ. ಹಂದಿಯ ಭುಜದ ಮಾಂಸಕ್ಕೆ ಉಪ್ಪು ಸವರಿ, ಎರಡು ದಿನ ಒಲೆಯ ಮೇಲೆ ಹೊಗೆಗೆ ಕಟ್ಟುತ್ತಿದ್ದ. ಆಮೇಲೆ ಬೆಲ್ಲ, ಹುರಿದ ಕಾಳುಮೆಣಸು, ಕಾಚಂಪುಳಿಯ ಕಪ್ಪು ಹುಳಿ ಹಾಕಿ ದಿನವಿಡೀ ಸಣ್ಣ ಬಿಸಿಯಲ್ಲಿ ಇಡುತ್ತಿದ್ದ. ಬೆಂದ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ, ಅದರ ರಸದಲ್ಲೇ ಕಲಸಿ, ಅಕ್ಕಿ ರೊಟ್ಟಿಯ ಜೊತೆ ಬಡಿಸುತ್ತಿದ್ದ. ನಾಲಿಗೆಗೆ ಮೊದಲು ಸಿಹಿ ಬರುತ್ತಿತ್ತು. ನುಂಗಿದ ಮೇಲೆ ಹೊಗೆ ಬರುತ್ತಿತ್ತು. ಮೈಸೂರಿನಿಂದ ಕಾರು ಮಾಡಿಕೊಂಡು ಬಂದು ತಿಂದು ಹೋಗುವವರಿದ್ದರು.

ಅದನ್ನು ಅವನಿಗೆ ಕಲಿಸಿದವಳು ಅವನ ಅಕ್ಕ ಚಿಣ್ಣವ್ವ. ತಾಯಿ ಸತ್ತಾಗ ಅವನಿಗೆ ಆರು ವರ್ಷ, ಅವಳಿಗೆ ಹದಿನೆಂಟು. ತಂದೆ ಮೊದಲೇ ಇರಲಿಲ್ಲ. ತಮ್ಮನಿಗೊಂದು ದಾರಿಯಾಗುವ ತನಕ ಮದುವೆಯಾಗುವುದಿಲ್ಲ ಎಂದು ಅವಳು ಹನ್ನೊಂದು ವರ್ಷ ಹಾಗೇ ಇದ್ದಳು. ಅವಳ ಬಳಿ ಇದ್ದುದು ಒಂದು ಮಣ್ಣಿನ ಗಡಿಗೆ. ಮಾಂಸ ತುಂಬಿ, ಮುಚ್ಚಳ ಹಾಕಿ ಅಂಚಿಗೆ ಹಿಟ್ಟು ಮೆತ್ತಿ, ಕೆಂಡದ ಮೇಲಿಟ್ಟು, ಬೆಳಗಿನಿಂದ ಸಂಜೆಯ ತನಕ ಪಕ್ಕದಲ್ಲೇ ಕೂತಿರುತ್ತಿದ್ದಳು. ಕೆಂಡ ಆರಿದರೆ ಊದುತ್ತಿದ್ದಳು. ಹೆಚ್ಚಾದರೆ ಬೂದಿ ಎಳೆಯುತ್ತಿದ್ದಳು. ಅವನು ಅವಳ ಪಕ್ಕದಲ್ಲಿ ಕೂತು ನೋಡಿ ಕಲಿತ.

ಹೋಟೆಲು ಹೆಸರು ಮಾಡಿದ ಮೇಲೆ ಒಂದು ದಿನ ಪತ್ರಿಕೆಯವನೊಬ್ಬ ಬಂದ. ಉಂಡ. ಫೋಟೋ ತೆಗೆದ. ಇದನ್ನು ಯಾರಿಂದ ಕಲಿತಿರಿ ಎಂದು ಕೇಳಿದ. ಅಡುಗೆಯವನಿಗೆ ಏನಾಯಿತೋ. ಸುತ್ತ ಜನ ನಿಂತಿದ್ದರು. ಯಾರೂ ಕಲಿಸಲಿಲ್ಲ, ನಾನೇ ಕಂಡುಕೊಂಡೆ ಎಂದ. ಅದು ಹಾಗೆಯೇ ಅಚ್ಚಾಯಿತು. ಫೋಟೋದ ಕೆಳಗೆ, ದಪ್ಪ ಅಕ್ಷರದಲ್ಲಿ.

ಅಕ್ಕ ಆಗ ಗಂಡನ ಮನೆಯಲ್ಲಿದ್ದಳು. ಪೇಟೆಯಿಂದ ಎರಡು ಗಂಟೆಯ ಬಸ್ಸಿನ ದಾರಿ. ವಾರ ಬಿಟ್ಟು ಅವನು ಫೋನು ಮಾಡಿದ. ಅವಳು "ಓದಿದೆ" ಎಂದಳು. ಫೋನು ಇಟ್ಟಳು. ಆ ವರ್ಷದ ಹಬ್ಬಕ್ಕೆ ತಮ್ಮನ ಮನೆಗೆ ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ.

ತಪ್ಪು ತನ್ನದೆಂದು ಅಡುಗೆಯವನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇರಲಿಲ್ಲ. ಅವನ ಹೆಂಡತಿ ದೇಚಿ, "ಇವತ್ತೇ ಬಸ್ಸು ಹತ್ತಿ. ಹೋಗಿ ಕಾಲು ಹಿಡಿಯಿರಿ" ಎಂದಳು. ಅವನು ಕೇಳಲಿಲ್ಲ.

"ಈಗ ಹೋದರೆ ಗಾಯ ಹಸಿ ಇರುತ್ತದೆ. ಸ್ವಲ್ಪ ಕಾಲ ಹೋಗಲಿ. ಅವಳ ಮನಸ್ಸು ತಾನಾಗಿ ಮೆತ್ತಗಾಗುತ್ತದೆ" ಎಂದ. ನಿಧಾನವಾಗಿ ಬೇಯಿಸುವುದೇ ಅವನ ಕಸುಬಾಗಿತ್ತು. ಎಲ್ಲವೂ ಹಾಗೆಯೇ ಆಗುತ್ತದೆಂದು ಅವನು ನಂಬಿದ್ದ.

ಹನ್ನೊಂದು ವರ್ಷ ಕಳೆಯಿತು. ದೇಚಿ ಹೇಳುವುದನ್ನು ಬಿಟ್ಟಳು. ಅವನು ಮರೆತಿದ್ದನೆಂದು ಹೇಳುವಂತಿಲ್ಲ. ಅಕ್ಕನ ಮುಂದೆ ಒಂದು ದಿನ ತಟ್ಟೆ ಇಡುತ್ತೇನೆ, ಒಂದು ತುತ್ತು ಬಾಯಿಗೆ ಇಡುತ್ತಲೇ ಅವಳಿಗೆ ಎಲ್ಲವೂ ತಿಳಿಯುತ್ತದೆ, ಮಾತು ಬೇಕಾಗುವುದಿಲ್ಲ ಎಂದು ಅಂದುಕೊಳ್ಳುತ್ತಿದ್ದ. ಆ ಒಂದು ತುತ್ತಿಗಾಗಿ ಅಡುಗೆಯನ್ನು ತಿದ್ದುತ್ತಾ ಹೋದ. ಒಂದು ವರ್ಷ ಬೆಲ್ಲ ಹೆಚ್ಚಿಸಿದ. ಮುಂದಿನ ವರ್ಷ ಜೇನು ಸೇರಿಸಿದ. ಕಾಫಿ ಕಟ್ಟಿಗೆಯ ಹೊಗೆ ಬಿಟ್ಟು ಸೀಬೆ ಕಟ್ಟಿಗೆಯ ಹೊಗೆ ಹಿಡಿದ. ಪ್ರತಿ ಸಲವೂ ಇನ್ನೊಂದಿಷ್ಟು ಹದ ಬೇಕು, ಆಮೇಲೆ ಕರೆಯೋಣ ಎನ್ನಿಸುತ್ತಿತ್ತು.

ಅಷ್ಟರಲ್ಲಿ ಅವನು ಮೈಸೂರಿನಿಂದ ಒಂದು ಸ್ಲೋ ಕುಕ್ಕರ್ ತಂದ. ಕರೆಂಟಿನ ಪಾತ್ರೆ. ಒಳಗೆ ದಪ್ಪ ಪಿಂಗಾಣಿಯ ಗಡಿಗೆ, ಮೇಲೆ ಗಾಜಿನ ಮುಚ್ಚಳ, ಮುಂದೆ ಒಂದು ಗುಂಡಿ, ಒಂದು ಸಣ್ಣ ದೀಪ. ಗುಂಡಿ ಒತ್ತಿದರೆ ಹತ್ತು ಗಂಟೆ ಒಂದೇ ಸಮನೆ ಸಣ್ಣ ಬಿಸಿ ಕೊಡುತ್ತಿತ್ತು. ಕೆಂಡ ಊದಬೇಕಿಲ್ಲ. ಬೂದಿ ಎಳೆಯಬೇಕಿಲ್ಲ. ಪಕ್ಕದಲ್ಲಿ ಯಾರೂ ಕೂರಬೇಕಿಲ್ಲ. ಒಂದೇ ನಿಯಮ. ನಡುವೆ ಮುಚ್ಚಳ ತೆಗೆಯಬಾರದು. ತೆಗೆದರೆ ಒಳಗಿನ ಬಿಸಿ ಹಾರಿಹೋಗುತ್ತದೆ, ಮತ್ತೆ ಅದು ಸೇರಲು ಅರ್ಧ ಗಂಟೆ ಬೇಕು. ಅವನು ಎರಡು ಸಲ ಮಾಡಿ ನೋಡಿದ. ಎರಡು ಸಲವೂ ಮಾಂಸ ಬೆರಳು ತಾಗಿದರೆ ಬಿಚ್ಚಿಕೊಳ್ಳುವ ಹಾಗೆ ಬೆಂದಿತ್ತು.

ಆ ತಿಂಗಳಲ್ಲೇ ಅಕ್ಕನ ಫೋನು ಬಂತು. ಹನ್ನೊಂದು ವರ್ಷದ ಮೇಲೆ ಬಂದ ಫೋನು.

"ಬುಧವಾರ ಪೇಟೆಗೆ ಬರುತ್ತೇನೆ. ಮಧ್ಯಾಹ್ನ ನಿನ್ನ ಮನೆಯಲ್ಲಿ ಊಟ ಮಾಡುತ್ತೇನೆ. ಆ ಹಂದಿಮಾಂಸ ಮಾಡಿಡು" ಎಂದಳು. ಅವಳ ದನಿ ಒಡೆದಂತೆ ಕೇಳಿತು. ಫೋನಿನದೇ ದೋಷ ಎಂದು ಅವನು ತಿಳಿದ.

ಫೋನು ಇಟ್ಟವನು ದೇಚಿಗೆ, "ನೋಡು, ನಾನು ಹೇಳಿರಲಿಲ್ಲವೇ? ಕಾಲವೇ ಎಲ್ಲವನ್ನೂ ಮಾಡಿತು" ಎಂದ.

ದೇಚಿ ಒಲೆಗೆ ಸೌದೆ ಒಡ್ಡಿದಳು.

ಸೋಮವಾರ ಅವನು ಹೋಟೆಲು ಮುಚ್ಚಿದ. ನಾಲ್ಕು ಕಿಲೋ ಭುಜದ ಮಾಂಸ ತಂದ. ತಾನೇ ಆರಿಸಿ, ತಾನೇ ತೊಳೆದು, ಉಪ್ಪು ಸವರಿ, ಮನೆಯ ಸೌದೆ ಒಲೆಯ ಮೇಲೆ ಹೊಗೆಗೆ ಕಟ್ಟಿದ. ಎರಡು ದಿನ ಮನೆಯ ಗೋಡೆಗೆ, ಬಟ್ಟೆಗೆ, ದೇಚಿಯ ತಲೆಗೂದಲಿಗೆ ಆ ವಾಸನೆ ಹಿಡಿಯಿತು. ಬುಧವಾರ ಬೆಳಗಿನ ಜಾವ ಎದ್ದು ಪಿಂಗಾಣಿಯ ಗಡಿಗೆಯ ತಳಕ್ಕೆ ಈರುಳ್ಳಿ, ಬೆಳ್ಳುಳ್ಳಿ ಹರಡಿದ. ಮೇಲೆ ಮಾಂಸ ಇಟ್ಟ. ಬೆಲ್ಲ, ಜೇನು, ಮೆಣಸು, ಕಾಚಂಪುಳಿ ಸುರಿದ. ಮುಚ್ಚಳ ಮುಚ್ಚಿ ನಾಲ್ಕು ಗಂಟೆಗೆ ಗುಂಡಿ ಒತ್ತಿದ. ದೀಪ ಹೊತ್ತಿತು. ಬಿಸಿ ಚೆನ್ನಾಗಿ ನಿಲ್ಲಲಿ ಎಂದು ಒಂದು ದಪ್ಪ ಟವಲನ್ನು ಮಡಚಿ ಮುಚ್ಚಳದ ಮೇಲೆ ಹೊದಿಸಿದ. ಅದರ ಅಂಚು ಮುಂದಕ್ಕೆ ಇಳಿದು ಗುಂಡಿಯನ್ನೂ ದೀಪವನ್ನೂ ಮುಚ್ಚಿತು. ಅವನು ಅದನ್ನು ಗಮನಿಸಲಿಲ್ಲ. ಎರಡು ಗಂಟೆಗೆ ಊಟ ಎಂದು ಲೆಕ್ಕ ಹಾಕಿದ.

ಐದೂವರೆಗೆ ಕರೆಂಟು ಹೋಯಿತು. ಹತ್ತು ನಿಮಿಷದಲ್ಲಿ ಬಂತು. ಹೊರಗಿನ ದೀಪ ಹೊತ್ತಿದ್ದನ್ನು ಅವನು ನೋಡಿದ. ಫ್ರಿಜ್ಜು ಗುಂಯ್‌ಗುಟ್ಟಿದ್ದನ್ನು ಕೇಳಿದ. ನೆಮ್ಮದಿಯಿಂದ ಸ್ನಾನಕ್ಕೆ ಹೋದ.

ಬೆಳಿಗ್ಗೆ ಪಕ್ಕದ ಮನೆಯವರು ಬೇಲಿಯ ಆಚೆ ನಿಂತು, "ಏನು ವಾಸನೆ ಇದು, ನಮಗೆ ಕೆಲಸವೇ ಸಾಗುತ್ತಿಲ್ಲ" ಎಂದರು. ದೇಚಿಯ ತಮ್ಮ ಬಂದವನು ಟವಲಿಗೆ ಕೈ ಹಾಕಿದ. ಅಡುಗೆಯವನು ಅವನ ಕೈ ಹಿಡಿದ.

"ಬೇಡ. ಎರಡು ಗಂಟೆಯ ತನಕ ಯಾರೂ ಮುಟ್ಟಕೂಡದು" ಎಂದ.

ಹನ್ನೆರಡೂವರೆಯ ಬಸ್ಸಿಗೆ ಅಕ್ಕ ಬಂದಳು. ಒಬ್ಬಳೇ ಬಂದಳು. ಅವನು ನಿಲ್ದಾಣಕ್ಕೆ ಹೋಗಿದ್ದ. ಮೊದಲಿಗೆ ಗುರುತು ಸಿಗಲಿಲ್ಲ. ಅವಳು ತುಂಬ ಇಳಿದಿದ್ದಳು. ಕುತ್ತಿಗೆಗೆ ಒಂದು ವಸ್ತ್ರ ಸುತ್ತಿಕೊಂಡಿದ್ದಳು. ಕೈಯಲ್ಲಿ ನೀರಿನ ಬಾಟಲಿ ಹಿಡಿದು, ನಾಲ್ಕು ಮಾತಿಗೊಮ್ಮೆ ಒಂದು ಗುಟುಕು ಕುಡಿಯುತ್ತಿದ್ದಳು. ವಯಸ್ಸಾಯಿತು ಎಂದು ಅವನು ಅಂದುಕೊಂಡ. ಕಾಲು ಮುಟ್ಟಿ ನಮಸ್ಕರಿಸಿದ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ದಾರಿಯುದ್ದಕ್ಕೂ ಇಬ್ಬರೂ ಬಸ್ಸಿನ ವಿಚಾರ, ರಸ್ತೆಯ ವಿಚಾರ ಮಾತಾಡಿದರು. ಪತ್ರಿಕೆಯ ವಿಚಾರ ಇಬ್ಬರೂ ಎತ್ತಲಿಲ್ಲ.

ಮನೆಗೆ ಬಂದವಳು ನೇರ ಅಡುಗೆಮನೆಗೆ ಹೋದಳು. ಪಾತ್ರೆಯ ಮುಂದೆ ನಿಂತಳು. ಅದರ ಹೊಟ್ಟೆಯ ಮೇಲೆ ಅಂಗೈ ಇಡಲು ಹೋದಳು.

"ಮುಟ್ಟಬೇಡ ಅಕ್ಕ, ಸುಟ್ಟೀತು. ಇನ್ನೊಂದು ಗಂಟೆ ಬೇಕು" ಎಂದ ತಮ್ಮ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಬೆಂಚಿನ ಮೇಲೆ ಕೂತಳು. ದೇಚಿ ರೊಟ್ಟಿ ತಟ್ಟತೊಡಗಿದಳು. ಅವನು ತಟ್ಟೆ ಒರೆಸಿಟ್ಟ. ಎರಡು ಗಂಟೆಯಾಯಿತು.

ಅಡುಗೆಯವನು ಎರಡು ಕೈಯಲ್ಲೂ ಬಟ್ಟೆ ಹಿಡಿದು ಟವಲು ತೆಗೆದ. ಗಾಜಿನ ಮೇಲೆ ಒಂದು ಹನಿ ಬೆವರೂ ಇರಲಿಲ್ಲ. ದೀಪ ಆರಿತ್ತು. ಅವನು ಮುಚ್ಚಳ ಎತ್ತಿದ. ಹಬೆ ಏಳಲಿಲ್ಲ.

ಕೊಬ್ಬು ಮೇಲಕ್ಕೆ ಬಂದು, ಬಿಳಿಯ ಪೊರೆಯಾಗಿ ಹೆಪ್ಪುಗಟ್ಟಿತ್ತು. ಅದನ್ನು ಸೌಟಿನಿಂದ ಸರಿಸಿದರೆ ಕೆಳಗೆ ಮಾಂಸ ಇಟ್ಟ ಹಾಗೇ ಇತ್ತು. ಹೊರಗೆ ಬೂದು ಬಣ್ಣ. ಅವನು ಚಾಕು ಹಾಕಿ ಸೀಳಿದ. ಒಳಗೆ ಕೆಂಪು. ಸೀಳಿದಲ್ಲಿಂದ ತಿಳಿ ರಕ್ತ ಇಳಿದು ಬೆಲ್ಲದ ನೀರಿನಲ್ಲಿ ಹರಡಿತು. ಹುಳಿತ ವಾಸನೆಯೊಂದು ಹೊಗೆಯ ವಾಸನೆಯ ಕೆಳಗಿನಿಂದ ಎದ್ದು ಬಂತು.

ಅವನು ಚಾಕು ಹಿಡಿದುಕೊಂಡು ನಿಂತ. ಮೂವತ್ತು ವರ್ಷದಲ್ಲಿ ಅವನ ಕೈಯಿಂದ ಒಂದು ಪಾತ್ರೆ ಹೀಗೆ ಆಗಿರಲಿಲ್ಲ. ಸ್ವಿಚ್ಚು ನೋಡಿದ. ಹಾಕಿಯೇ ಇತ್ತು. ವೈರು ನೋಡಿದ. ಸರಿಯಾಗಿಯೇ ಇತ್ತು. ಗುಂಡಿ ಒತ್ತಿದ. ದೀಪ ಹೊತ್ತಿತು. ಆಗ ತಿಳಿಯಿತು. ಕರೆಂಟು ಹೋಗಿ ಬಂದಾಗ ಮನೆಯ ಎಲ್ಲವೂ ತಾನಾಗಿ ಶುರುವಾಗಿತ್ತು. ಈ ಪಾತ್ರೆ ಮಾತ್ರ ಶುರುವಾಗಿರಲಿಲ್ಲ. ಇದರ ಗುಂಡಿಯನ್ನು ಯಾರಾದರೂ ಮತ್ತೆ ಒತ್ತಬೇಕಿತ್ತು. ಬೆಳಿಗ್ಗೆ ಐದೂವರೆಯಿಂದ ಅದು ಸುಮ್ಮನೆ ಕೂತಿತ್ತು. ಎಲ್ಲರೂ ಮೂಸಿ ಹೊಗಳಿದ ವಾಸನೆ ಎರಡು ದಿನದ ಹಿಂದಿನದು.

ದೇಚಿ ಹತ್ತಿರ ಬಂದು ನೋಡಿದಳು.

"ಕಾದದ್ದು ನಾವು. ಪಾತ್ರೆ ಕಾದೇ ಇಲ್ಲ" ಎಂದಳು. ಅವಳು ಅಣಕಿಸಲು ಹೇಳಲಿಲ್ಲ. ಕಂಡದ್ದನ್ನು ಹೇಳಿದಳು.

ಅಡುಗೆಯವನು ಅಕ್ಕನ ಕಡೆ ತಿರುಗಿದ.

"ಅಕ್ಕ, ಈ ಒಂದು ತುತ್ತಿಗಾಗಿ ಹನ್ನೊಂದು ವರ್ಷ ಇದ್ದೆ. ಇವತ್ತೇ ಹೀಗಾಯಿತು. ನಾಳೆಯ ತನಕ ಇರು. ಕುಕ್ಕರಿನಲ್ಲಿ ಬೇಡ, ಕೆಂಡದ ಮೇಲೆ ಮಾಡುತ್ತೇನೆ. ನಾಲಿಗೆಯ ಮೇಲಿಟ್ಟು ನೋಡು. ನಾನು ಏನು ಹೇಳಬೇಕೆಂದಿದ್ದೆನೋ ಅದು ನಿನಗೆ ತಿಳಿಯುತ್ತದೆ" ಎಂದ.

ಅಕ್ಕ ಬಾಟಲಿಯಿಂದ ಒಂದು ಗುಟುಕು ಕುಡಿದಳು. ಕುತ್ತಿಗೆಯ ವಸ್ತ್ರ ತೆಗೆದಳು. ಕಿವಿಯ ಕೆಳಗಿನಿಂದ ಗಂಟಲಿನ ತನಕ ಚರ್ಮ ಕಪ್ಪಾಗಿ, ಬಿಗಿದುಕೊಂಡಿತ್ತು.

"ನಾಳೆ ಮಾಡಿದರೂ ತಿಳಿಯುವುದಿಲ್ಲ" ಎಂದಳು. "ಗಂಟಲಲ್ಲಿ ಗಡ್ಡೆಯಾಗಿತ್ತು. ಮೈಸೂರಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಏಳು ವಾರ ಕರೆಂಟು ಕೊಟ್ಟರು. ಗಡ್ಡೆ ಹೋಯಿತು. ನಾಲಿಗೆಯೂ ಹೋಯಿತು. ಎರಡು ವರ್ಷದಿಂದ ನನಗೆ ಸಿಹಿ ಇಲ್ಲ, ಹುಳಿ ಇಲ್ಲ, ಖಾರ ಇಲ್ಲ. ಮೂಗಿಗೂ ಏನೂ ಬರುವುದಿಲ್ಲ. ಬಸ್ಸು ಇಳಿದಾಗಿನಿಂದ ನಿನ್ನ ಹೊಗೆಯ ವಾಸನೆ ನನಗೆ ಬಂದಿಲ್ಲ. ಬಾಯಿಗೆ ಇಟ್ಟದ್ದು ಬಿಸಿಯೋ ತಣ್ಣಗೋ, ಅಷ್ಟು ಗೊತ್ತಾಗುತ್ತದೆ."

ಅಡುಗೆಯವನು ನೆಲದ ಮೇಲೆ ಕೂತುಬಿಟ್ಟ. ದೇಚಿಯ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು. ತವದ ಮೇಲಿದ್ದ ರೊಟ್ಟಿ ಸೀದು ಹೊಗೆಯಾಡಿತು. ಯಾರೂ ಅದನ್ನು ತೆಗೆಯಲಿಲ್ಲ.

"ನನಗೆ ಯಾರೂ ಹೇಳಲಿಲ್ಲ" ಎಂದ ಅವನು ಕೊನೆಗೆ.

"ನಾನು ಯಾರಿಗೂ ಹೇಳಿ ಕಳಿಸಲಿಲ್ಲ. ಕೇಳಿ ಬರುತ್ತೀಯ ಎಂದುಕೊಂಡೆ. ಉಳಿದವರು ನಿನಗೆ ಗೊತ್ತಿದೆ ಎಂದುಕೊಂಡಿದ್ದರು. ಗೊತ್ತಿದ್ದೂ ಬರಲಿಲ್ಲ ಎಂದುಕೊಂಡು ನಿನ್ನ ಹೆಸರನ್ನು ನನ್ನ ಮುಂದೆ ಎತ್ತುವುದನ್ನೇ ಬಿಟ್ಟರು."

ಅವನು ತಲೆ ತಗ್ಗಿಸಿದ. ಮೈಸೂರಿನ ಆ ಆಸ್ಪತ್ರೆಯ ಮುಂದಿನ ರಸ್ತೆಯಲ್ಲೇ ಅವನು ಸ್ಲೋ ಕುಕ್ಕರ್ ಕೊಂಡಿದ್ದ. ಅದೇ ರಸ್ತೆಯಲ್ಲಿ ವರ್ಷಕ್ಕೆ ನಾಲ್ಕು ಸಲ ಮಸಾಲೆ ಕೊಳ್ಳುತ್ತಿದ್ದ. ಅವಳು ಏಳು ವಾರ ಅಲ್ಲಿದ್ದಳು.

"ಹಾಗಾದರೆ ಇದನ್ನು ಮಾಡಿಡು ಎಂದು ಏಕೆ ಹೇಳಿದೆ ಅಕ್ಕ?"

"ನೀನು ತಿನ್ನುತ್ತೀಯ ಎಂದು. ತಿಂದು ನನಗೆ ಹೇಳುತ್ತೀಯ ಎಂದು. ಅದರ ರುಚಿ ಹೇಗಿತ್ತು ಎನ್ನುವುದು ನನಗೀಗ ನೆನಪಿಗೆ ಬರುತ್ತಿಲ್ಲ. ಎಷ್ಟು ಯೋಚಿಸಿದರೂ ಬರುತ್ತಿಲ್ಲ. ಅವ್ವ ಮಾಡುತ್ತಿದ್ದಳು, ಅವಳಿಲ್ಲ. ನಾನು ಮಾಡುತ್ತಿದ್ದೆ, ನನ್ನ ನಾಲಿಗೆ ಇಲ್ಲ. ನನ್ನ ಗಡಿಗೆಯಿಂದ ತಿಂದು ಬೆಳೆದವನು ನೀನೊಬ್ಬ ಇದ್ದೀಯ. ನಿನ್ನ ಮೇಲಿನ ಕೋಪಕ್ಕಿಂತ ಅದು ದೊಡ್ಡದಾಯಿತು. ಅದಕ್ಕೆ ಬಂದೆ. ಮಾಂಸ ಕೆಟ್ಟರೆ ಕೆಡಲಿ. ಅದು ಹೇಗಿತ್ತು, ಬಾಯಲ್ಲೇ ಹೇಳು."

ಅವಳು ಅವನ ಮುಖವನ್ನೇ ನೋಡುತ್ತಾ ಕೂತಳು.

ಅಡುಗೆಯವನು ಬಾಯಿ ತೆರೆದ. ಮೊದಲು ಸಿಹಿ ಬರುತ್ತಿತ್ತು ಎಂದು ಹೇಳಲು ಹೊರಟ. ಹೇಳುವ ಮೊದಲೇ ನಿಂತ. ಸಿಹಿ ಮೊದಲು ಬರುವುದು ಅವನ ಹೋಟೆಲಿನಲ್ಲಿ. ಆ ಬೆಲ್ಲ ಅವನು ಹೆಚ್ಚಿಸಿದ್ದು. ಆ ಜೇನು ಅವನದು. ಆ ಹೊಗೆ ಸೀಬೆಯದು. ಅವುಗಳನ್ನೆಲ್ಲ ತೆಗೆದುಹಾಕಿ ಹಿಂದಕ್ಕೆ ಹೋಗಲು ನೋಡಿದ. ಮಣ್ಣಿನ ಗಡಿಗೆ ಕಂಡಿತು. ಅಕ್ಕನ ಬೆನ್ನು ಕಂಡಿತು. ಹಿಟ್ಟು ಒಡೆದು ಮುಚ್ಚಳ ಎತ್ತಿದಾಗಿನ ಹಬೆ ಕಂಡಿತು. ನಾಲಿಗೆಯ ಮೇಲೆ ಏನೂ ಬರಲಿಲ್ಲ. ಹನ್ನೊಂದು ವರ್ಷ ತಿದ್ದಿ ತಿದ್ದಿ ಅವನು ಅದರ ಮೇಲೆ ಬೇರೆಯದನ್ನು ಕಟ್ಟಿದ್ದ. ಅಡಿಯಲ್ಲಿದ್ದದ್ದು ಕರಗಿಹೋಗಿತ್ತು.

"ಅಕ್ಕ" ಎಂದ. "ನನಗೂ ಬರುತ್ತಿಲ್ಲ."

ಅವನು ಅತ್ತ. ಐವತ್ತು ದಾಟಿದ ಗಂಡಸು ಅಡುಗೆಮನೆಯ ನೆಲದಲ್ಲಿ ಕೂತು ಅತ್ತ. ಅಳುತ್ತಲೇ, ಪತ್ರಿಕೆಯವನಿಗೆ ಸುಳ್ಳು ಹೇಳಿದೆ, ನೀನೇ ಕಲಿಸಿದ್ದು, ತಪ್ಪಾಯಿತು ಎಂದ. ಮೂರೇ ಮಾತು. ಅದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಅಕ್ಕ ವಸ್ತ್ರವನ್ನು ಮತ್ತೆ ಕುತ್ತಿಗೆಗೆ ಸುತ್ತಿಕೊಂಡಳು. ಆಮೇಲೆ, "ಆವತ್ತು ಹೇಳಿದ್ದರೆ ನಿನ್ನ ಕೆನ್ನೆಗೆ ಎರಡು ಕೊಟ್ಟು ಊಟಕ್ಕೆ ಕೂರಿಸುತ್ತಿದ್ದೆ" ಎಂದಳು. ಬಾಟಲಿಯಿಂದ ಮತ್ತೊಂದು ಗುಟುಕು ಕುಡಿದು, "ಹಸಿವಾಗಿದೆ" ಎಂದಳು.

ದೇಚಿ ಸೀದ ರೊಟ್ಟಿಯನ್ನು ತೆಗೆದು ಆಚೆ ಎಸೆದಳು. ಗಂಜಿಗೆ ಅಕ್ಕಿ ಹಾಕಿದಳು. ಅಡುಗೆಯವನು ಪಾತ್ರೆಯನ್ನು ಹಿತ್ತಿಲಿಗೆ ಹೊತ್ತುಕೊಂಡು ಹೋಗಿ, ನಾಯಿಗಳು ಎಳೆಯದ ಹಾಗೆ ಆಳದ ಗುಂಡಿ ತೋಡಿ, ನಾಲ್ಕು ಕಿಲೋ ಮಾಂಸವನ್ನೂ ಮಣ್ಣು ಮಾಡಿ ಬಂದ. ಕೈ ತೊಳೆದ. ಅಕ್ಕನ ಮುಂದೆ ಗಂಜಿಯ ಬಟ್ಟಲು ಇಟ್ಟ. ಅವಳು ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಒಂದು ಚಮಚ ಬಾಯಿಗೆ ಇಟ್ಟಳು.

"ಬಿಸಿ ಇದೆ" ಎಂದಳು. ಪೂರ್ತಿ ಕುಡಿದಳು. ಸಂಜೆಯ ಬಸ್ಸಿಗೆ ಹೊರಟಳು.

ಮುಂದಿನ ಬುಧವಾರ ಅಡುಗೆಯವನು ಹೋಟೆಲು ಮುಚ್ಚಿ, ಮಾಂಸ ಕಟ್ಟಿಕೊಂಡು, ಎರಡು ಗಂಟೆಯ ಬಸ್ಸಿನ ದಾರಿ ಹೋದ. ಅಕ್ಕನ ಅಟ್ಟದಿಂದ ಮಣ್ಣಿನ ಗಡಿಗೆ ಇಳಿಸಿದರು. ಎಷ್ಟು ಉಪ್ಪು, ಎಷ್ಟು ಹುಳಿ ಎನ್ನುವುದು ಅವಳ ಕೈಗೆ ನೆನಪಿತ್ತು. ಕಣ್ಣು ಮುಚ್ಚಿ ಹಿಡಿಯಲ್ಲಿ ತೆಗೆದು ಹಾಕುತ್ತಿದ್ದಳು. ಅವನು ಕೆಂಡದ ಪಕ್ಕದಲ್ಲಿ ಕೂತು ಸಂಜೆಯ ತನಕ ನೋಡಿಕೊಂಡ. ಬೆಂದ ಮೇಲೆ ತಿಂದ. ಅವಳು ಅವನ ಬಾಯನ್ನೇ ನೋಡಿದಳು.

"ಇದಲ್ಲ" ಎಂದ.

ಅದರ ಮುಂದಿನ ಬುಧವಾರವೂ ಹೋದ. ಆ ಮೇಲಿನದಕ್ಕೂ ಹೋದ. ಒಂದು ವರ್ಷ ತಪ್ಪದೆ ಹೋದ. ಹೋಟೆಲಿನಲ್ಲಿ ಯಾರಾದರೂ ಅಡುಗೆ ಹೊಗಳಿದರೆ ಅಕ್ಕನ ಹೆಸರನ್ನು, ಅವಳ ಊರನ್ನು ಹೇಳುತ್ತಿದ್ದ. ಕೇಳದವರಿಗೂ ಹೇಳುತ್ತಿದ್ದ. ಅವಳಿಗೆ ನಾಲಿಗೆ ಮರಳಿ ಬರಲಿಲ್ಲ. ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಗುರು ಅಲ್ಲಿಗೆ ನಿಲ್ಲಿಸಿದರು.

ಪೂವಯ್ಯ ಕೇಳುತ್ತಾ ಕೇಳುತ್ತಾ ಮುಂದಕ್ಕೆ ಬಾಗಿದ್ದ. "ಆ ರುಚಿ ಕೊನೆಗೂ ಅವರಿಗೆ ಸಿಕ್ಕಿತೇ?" ಎಂದು ಕೇಳಿದ.

"ಒಂದು ಬುಧವಾರ ಅವನು ಇದೇ ಎಂದ. ಅಕ್ಕ ಅದು ಹೇಗಿದೆ ಎಂದು ಕೇಳಿದಳು. ಅವನು ಬಹಳ ಹೊತ್ತು ಹೇಳಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ನಿಜವಾಗಿ ಅದೇ ಆಗಿತ್ತೋ, ಅವಳ ಸಮಾಧಾನಕ್ಕೆ ಹಾಗೆ ಹೇಳಿದನೋ, ಅವನು ಯಾರಿಗೂ ಬಿಟ್ಟುಕೊಡಲಿಲ್ಲ."

ಪೂವಯ್ಯ ಕೈ ಉಜ್ಜಿಕೊಂಡ. ಅವನ ಮನಸ್ಸು ಕಲಕಿತ್ತು. ಆದರೂ ತನ್ನ ವಿಷಯ ಬೇರೆ ಎಂದು ಅವನಿಗೆ ಅನ್ನಿಸಿತು.

"ಗುರುಗಳೇ, ಆ ಅಡುಗೆಯವನ ಕೈಯಲ್ಲಿದ್ದದ್ದು ಮಾಂಸ. ಅದು ಕೆಡುತ್ತದೆ. ನನ್ನ ಕೈಯಲ್ಲಿರುವುದು ಬರೀ ಮಾತು. ಅದು ಕೆಡುವಂಥದ್ದಲ್ಲ. ಇನ್ನೊಂದು ವರ್ಷದಲ್ಲಿ ನನ್ನ ಮಾತು ಹದಕ್ಕೆ ಬರುತ್ತದೆ. ಆಗ ಅಣ್ಣನ ಮುಂದೆ ಕೂತು, ಅವನು ತಪ್ಪು ತಿಳಿಯದ ಹಾಗೆ, ಒಂದೂ ಬಿಡದೆ ಹೇಳುತ್ತೇನೆ" ಎಂದ.

ಗುರು ಎದ್ದು ನಿಂತರು. ಬಾಗಿಲ ತನಕ ಹೋಗಿ ತಿರುಗಿ ನೋಡಿದರು.

"ನಿನ್ನ ಅಣ್ಣನಿಗೆ ಈಗಲೂ ಕಿವಿ ಕೇಳಿಸುತ್ತದೆಯೇ?"

ಪೂವಯ್ಯನಿಗೆ ಅದು ಗೊತ್ತಿರಲಿಲ್ಲ.